ನಾಲ್ಕನೇ ಬಾಟಲಿಯ ನೀರು

ನಮ್ಮ ಕಾಲೇಜಿನಲ್ಲಿ ಸೇವೆಗೆ ಎರಡು ಕ್ರೆಡಿಟ್ಟು. ಹಿಂದೆ ಇದಕ್ಕೆ ಪುಣ್ಯ ಬರುತ್ತಿತ್ತು, ಈಗ ಅಂಕಪಟ್ಟಿಯಲ್ಲಿ ಬರುತ್ತದೆ. ಸಮುದಾಯ ಸೇವಾ ಕಲಿಕೆ ಎಂಬ ಈ ಹೊಸ ಪತ್ರಿಕೆಯನ್ನು ಯಾರು ನಡೆಸಬೇಕೆಂದು ಹೊಳೆನರಸೀಪುರದ ನಮ್ಮ ಸ್ಟಾಫ್ ರೂಮಿನಲ್ಲಿ ಚರ್ಚೆಯಾದ ದಿನ ನಾನು ರಜೆಯಲ್ಲಿದ್ದೆ. ಹಾಜರಿದ್ದವರೆಲ್ಲ ಸೇರಿ, ಹಾಜರಿಲ್ಲದವನನ್ನು ಸರ್ವಾನುಮತದಿಂದ ಆರಿಸಿದರು. ಇತಿಹಾಸದ ಮೇಷ್ಟ್ರೊಬ್ಬ ಕುಡಿಯುವ ನೀರಿನ ಪರೀಕ್ಷೆಗೆ ಇಳಿದ ವೃತ್ತಾಂತ ಇಷ್ಟೇ.

ತಂಡದಲ್ಲಿ ಆರು ಜನ, ಎಲ್ಲರೂ ಕೊನೆಯ ವರ್ಷದ ಬಿ.ಎ. ನಾಯಕಿ ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಮಾತು ಕಡಿಮೆ. ಬಸ್ಸಿನಲ್ಲಿ ನಿಂತುಕೊಂಡೇ ನೋಟ್ಸು ಓದಿ ತರಗತಿಗೆ ಮೊದಲಿಗಳಾಗುತ್ತಿದ್ದವಳು. ನಾನು ಹಳೆಯ ಕಾಲದವನು, ಬರೆದಿಡದ ಕೆಲಸವನ್ನು ಕೆಲಸವೆಂದು ಒಪ್ಪುವವನಲ್ಲ. ಹಾಗಾಗಿ ತಂಡಕ್ಕೊಂದು ನಿಯಮಾವಳಿ ರಚಿಸಿ, ಟೈಪು ಮಾಡಿಸಿ, ಆರು ಪ್ರತಿ ತೆಗೆಸಿ, ಆರೂ ಜನರಿಂದ ಸಹಿ ಹಾಕಿಸಿಕೊಂಡೆ. ಒಂದನೇ ನಿಯಮ, ಹಿರಿಯರು ಮಾತಾಡುವಾಗ ಮೊಬೈಲು ತೆಗೆಯತಕ್ಕದ್ದಲ್ಲ. ಎರಡನೇ ನಿಯಮ, ಊರಿಗೆ ಹೋದ ಪ್ರತಿ ದಿನವೂ ದಿನಚರಿ ಬರೆಯತಕ್ಕದ್ದು. ಮೂರನೆಯದರ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು: ಯಾರ ಮನೆಯಲ್ಲಿ ಏನು ಉಪಚಾರ ಮಾಡಿದರೂ ಬೇಡ ಎನ್ನತಕ್ಕದ್ದಲ್ಲ. ಊರಿನವರು ಕೊಡುವುದನ್ನು ತೆಗೆದುಕೊಳ್ಳಲು ಬರದವರು ಊರಿಗೆ ಏನು ಕೊಟ್ಟಾರು ಎಂದು ಅರ್ಧ ಗಂಟೆ ಭಾಷಣವನ್ನೂ ಮಾಡಿದ್ದೆ. ಇನ್ನೂ ಐದು ನಿಯಮಗಳಿದ್ದವು. ಅವು ಯಾರಿಗೂ ತೊಂದರೆ ಕೊಡಲಿಲ್ಲ.

ಊರು ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಅಲ್ಲಿ ಮಾತಾಡಿಸಿದವರಲ್ಲಿ ಅನೇಕರು ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿತ್ತು. ಅದು ನೀರಿನ ಫ್ಲೋರೈಡಿನ ಸಹಿ ಎಂದು ನಮ್ಮ ರಸಾಯನಶಾಸ್ತ್ರದವರು ಹೇಳಿದ್ದರು. ಮಕ್ಕಳಲ್ಲಿ ಹಲ್ಲಿಗೆ ಬರುವುದು, ವಯಸ್ಸಾದ ಮೇಲೆ ಮೂಳೆಗೂ ಇಳಿಯುತ್ತದಂತೆ. ಊರಿನ ಒಂದು ತುದಿಯಲ್ಲಿ ಶುದ್ಧ ನೀರಿನ ಘಟಕವಿತ್ತು, ಇನ್ನೊಂದು ತುದಿಯಲ್ಲಿ ಸರ್ಕಾರಿ ಶಾಲೆ. ಶಾಲೆಯ ಬಿಸಿಯೂಟದ ಅಡುಗೆಯಮ್ಮ ದಿನಾ ಬೆಳಗ್ಗೆ ತಲೆಯ ಮೇಲೊಂದು ಕೊಡ, ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆಯುತ್ತಿದ್ದರು. ಶಾಲೆಯ ಅಂಗಳದಲ್ಲೇ ಬೋರ್‌ವೆಲ್ ಇತ್ತು. ಅದರ ನೀರು ತಟ್ಟೆ ತೊಳೆಯಲು, ಗಿಡಕ್ಕೆ ಹಾಕಲು ಮಾತ್ರ. ಕುಡಿಯಬಹುದೋ ಬೇಡವೋ ಎಂದು ಹೆಡ್‌ಮಾಸ್ಟರು ಬರೆದು ಕೇಳಿದ್ದ ಕಾಗದಕ್ಕೆ ಇನ್ನೂ ಉತ್ತರ ಬಂದಿರಲಿಲ್ಲ. ಉತ್ತರ ನಾವು ಕೊಡುತ್ತೇವೆ ಎಂದು ನಾನು ಎದೆ ತಟ್ಟಿದ್ದೆ.

ಊರಿನ ಆರು ಕಡೆಯಿಂದ ನೀರು ಹಿಡಿದು ತರುವುದು, ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಎಂದು ಏರ್ಪಾಟು. ಪರೀಕ್ಷೆಯ ಕಿಟ್ಟು ಒಂದೇ ಇದ್ದು, ಅದು ಕಪಾಟು ಬಿಟ್ಟು ಹೊರಡಕೂಡದೆಂದು ಆ ವಿಭಾಗದ ಕಟ್ಟಪ್ಪಣೆ. ನೀರು ತುಂಬಲು ಹೊಸ ಬಾಟಲಿ ಏಕೆಂದು ಕ್ಯಾಂಟೀನಿನಲ್ಲಿ ಬಿದ್ದಿದ್ದ ಖಾಲಿ ಬಾಟಲಿಗಳನ್ನು ನಾನೇ ತೊಳೆಸಿ, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಒಂದರಿಂದ ಆರರವರೆಗೆ ಬರೆಸಿದೆ. ಹುಡುಗರು ಕುಡಿಯಲು ಒಯ್ದದ್ದೂ ಅಂಥವೇ ಬಾಟಲಿಗಳನ್ನು. ನನ್ನ ದೂರದೃಷ್ಟಿ ಅಲ್ಲಿಗೆ ಮುಗಿದಿತ್ತು.

ನಾಲ್ಕನೇ ಬಾಟಲಿ ಶಾಲೆಯ ಬೋರ್‌ವೆಲ್ಲಿನದು. ಔಷಧಿ ಬಿಟ್ಟಾಗ ನೀರು ಗುಲಾಬಿ ಬಣ್ಣದಲ್ಲೇ ಉಳಿದರೆ ಕುಡಿಯಬಹುದು, ಹಳದಿಗೆ ತಿರುಗಿದರೆ ಕುಡಿಯಬಾರದು. ನಾಲ್ಕನೆಯದು ಮದುವಣಗಿತ್ತಿಯ ಕೆನ್ನೆಯ ಹಾಗೆ ಗುಲಾಬಿಯಾಗಿ ನಿಂತಿತು. ಮರುವಾರವೇ ಹೋಗಿ ಬೋರ್‌ವೆಲ್ಲಿನ ಕಟ್ಟೆಗೆ ನೀಲಿ ಬಣ್ಣ ಬಳಿದೆವು. ಕುಡಿಯಬಾರದ ಕಡೆಗೆ ಕೆಂಪು ಬಳಿದೆವು. ಅಡುಗೆಯಮ್ಮ ಬಂದು ಆ ನೀಲಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಇನ್ ನನ್ ಸೊಂಟ ಉಳೀತು ಕಣ್ ಸಾ" ಎಂದರು. ಪಂಚಾಯಿತಿಯವರು ಬೋರ್‌ವೆಲ್ಲಿನಿಂದ ಪೈಪು ಎಳೆದು ಮಕ್ಕಳು ಕುಡಿಯಲೆಂದು ಸಾಲಾಗಿ ನಲ್ಲಿ ಹಾಕಿಸಿದರು. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಉದ್ಘಾಟನೆ ಎಂದು ಗೊತ್ತಾಯಿತು. ನಾನು ಒಂದು ವಾರ ಸ್ಟಾಫ್ ರೂಮಿನಲ್ಲಿ ನೀರಿನ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಕೇಳುವವರು ಬಾಟಲಿ ಹಿಡಿದು ಎದ್ದುಹೋಗುವ ಮಟ್ಟಕ್ಕೆ ಬಂದಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಸನದ ನಮ್ಮ ಮನೆಯಲ್ಲಿ ದಿನಚರಿಗಳ ಕಟ್ಟು ಬಿಚ್ಚಿ ಕೂತೆ. ತಂಡದಲ್ಲಿ ಎಲ್ಲವನ್ನೂ ಬರೆಯುವ ಹುಡುಗಿಯೊಬ್ಬಳಿದ್ದಳು. ಬಸ್ಸಿನ ನಂಬರು, ನಾಯಿಯ ಬಣ್ಣ, ಯಾರ ಮನೆಯಲ್ಲಿ ಯಾವ ಚಟ್ನಿ, ಅವಳಿಂದ ಏನೂ ತಪ್ಪುತ್ತಿರಲಿಲ್ಲ. ನೀರು ಹಿಡಿದ ದಿನದ ಪುಟದಲ್ಲಿ ಹೀಗಿತ್ತು: 'ಶಾಲೆಯಿಂದ ಹೊರಟು ಜಗಲಿ ಮನೆಯ ಅಜ್ಜಿಯ ಹತ್ತಿರ ಹೋದೆವು. ತುಂಬಾ ಒಳ್ಳೆಯವರು. ಎಲ್ಲರಿಗೂ ಮಜ್ಜಿಗೆ ಕೊಟ್ಟರು. ನಮ್ಮ ಬಾಟಲಿಯ ನೀರು ಚೆಲ್ಲಿ ಘಟಕದ ಒಳ್ಳೆಯ ನೀರು ತುಂಬಿಸಿ ಕೊಟ್ಟರು.' ನಾನು ಅದರ ಪಕ್ಕ ಕೆಂಪು ಶಾಯಿಯಲ್ಲಿ 'ಉತ್ತಮ ಅವಲೋಕನ' ಎಂದು ಬರೆದು, ಪುಟ ತಿರುಗಿಸಿ, ಮುಂದಿನ ಪುಟದ ಅರ್ಧಕ್ಕೆ ಬಂದಿದ್ದೆ. ಪೆನ್ನು ನಿಂತಿತು. ಪುಟವನ್ನು ಮತ್ತೆ ಹಿಂದಕ್ಕೆ ತಿರುಗಿಸಿದೆ. ಉತ್ತಮ ಅವಲೋಕನವೇ. ಅವಲೋಕಿಸದವನು ನಾನು.

ಬರೆದವಳಿಗೆ ಫೋನು ಮಾಡಿದೆ. ಯಾವ ಬಾಟಲಿ, ಮುಚ್ಚಳದ ಮೇಲೆ ನಂಬರಿತ್ತೇ ಎಂದು ಕೇಳಿದೆ. ಅದನ್ನು ಮಾತ್ರ ಅವಳು ನೋಡಿರಲಿಲ್ಲ. ಬಾಟಲಿ ನಾಯಕಿಯ ಕೈಯಲ್ಲಿತ್ತು ಎಂದಳು. ನಾಯಕಿಗೆ ಫೋನು ಮಾಡಿದೆ. ಅವಳು ನೆನಪಿಲ್ಲ ಸಾ ಎಂದಳು. ಕುಡಿಯುವ ಬಾಟಲಿಯಾಗಿದ್ದರೆ ಏನೂ ಆಗಿಲ್ಲ. ನಾಲ್ಕನೇ ಬಾಟಲಿಯಾಗಿದ್ದರೆ, ನಾವು ಘಟಕದ ನೀರನ್ನು ಪರೀಕ್ಷಿಸಿ ಶಾಲೆಯ ಬೋರ್‌ವೆಲ್ಲಿಗೆ ನೀಲಿ ಬಳಿದು ಬಂದಿದ್ದೇವೆ. ನಾಳೆ ಹನ್ನೊಂದಕ್ಕೆ ಮಕ್ಕಳು ಸಾಲಾಗಿ ನಿಂತು ಅದನ್ನು ಕುಡಿಯುತ್ತಾರೆ. ಆಮೇಲೆ ದಿನಾ ಕುಡಿಯುತ್ತಾರೆ.

ಹೆಡ್‌ಮಾಸ್ಟರಿಗೆ ಆಗಲೇ ಹೇಳಬೇಕಿತ್ತು. ಫೋನು ಮಾಡಿದೆ ಕೂಡ. ಅವರು ನನಗೆ ಬಾಯಿ ತೆಗೆಯಲು ಬಿಡದೆ ವ್ಯವಸ್ಥೆಯನ್ನೆಲ್ಲ ವರ್ಣಿಸಿದರು: ಪಂಚಾಯಿತಿ ಅಧ್ಯಕ್ಷರು ಬರುತ್ತಾರೆ, ನಲ್ಲಿಗೆ ಹೂವಿನ ಹಾರ, ಮಕ್ಕಳಿಗೆ ಕೇಸರಿಬಾತು, ಮೊದಲ ಲೋಟ ಒಂದನೇ ತರಗತಿಗೆ, ಎರಡು ಮಾತು ನನ್ನದು. ಇಷ್ಟೆಲ್ಲ ಕೇಳಿ ನಾನು, ಶಾಮಿಯಾನ ಹಾಕಿಸಿದ್ದೀರಾ ಎಂದು ವಿಚಾರಿಸಿ ಫೋನಿಟ್ಟೆ. ಖಚಿತವಾಗದ ವಿಷಯವನ್ನು ಹೇಳಿ ಊರನ್ನು ಗಾಬರಿಪಡಿಸಬಾರದು ಎಂಬುದು ಆ ಹೊತ್ತಿಗೆ ನನಗೆ ನಾನೇ ಕೊಟ್ಟುಕೊಂಡ ಸಮಜಾಯಿಷಿ. ಇತಿಹಾಸ ಓದಿದವನಿಗೆ ಹೇಡಿತನಕ್ಕೆ ಗೌರವದ ಹೆಸರು ಹುಡುಕುವುದು ಕಷ್ಟವಲ್ಲ.

ಉಳಿದದ್ದು ಒಂದೇ ದಾರಿ. ಕಿಟ್ಟನ್ನೇ ಊರಿಗೆ ಒಯ್ದು, ಹನ್ನೊಂದರೊಳಗೆ, ಎಲ್ಲರೂ ಬರುವ ಮುಂಚೆ ಆ ನೀರನ್ನು ಪರೀಕ್ಷಿಸುವುದು. ಕಿಟ್ಟು ಪ್ರಯೋಗಾಲಯದ ಕಪಾಟಿನಲ್ಲಿ. ಕಪಾಟಿನ ಕೀ ಅಟೆಂಡರಿನ ಜೇಬಿನಲ್ಲಿ. ಅಟೆಂಡರು ನೆಂಟರ ಮನೆ ಗೃಹಪ್ರವೇಶಕ್ಕೆಂದು ಅರಕಲಗೂಡಿನಲ್ಲಿ, ಮಂಗಳವಾರದವರೆಗೆ ರಜೆ. ಫೋನಿನಲ್ಲಿ ಹಿಂದೆ ವಾಲಗದ ಸದ್ದು. ಕಾಲು ಗಂಟೆ ವಿವರಿಸಿದ ಮೇಲೆ ಅವನು ಅರ್ಥ ಮಾಡಿಕೊಂಡು ಹೇಳಿದ: "ಕೀ ಕೊಟ್ಟಿರ್ತೀನಿ ಸಾ. ಆದ್ರೆ ನಾನ್ ಕೊಟ್ಟಿಲ್ಲ, ಗೊತ್ತಾಯ್ತಲ್ಲ?" ನಾಯಕಿ ಸಂಜೆಯೇ ಹೋಗಿ ಅವನು ಕೊಡದ ಕೀಯನ್ನು ಇಸಕೊಂಡಳು. ಉಳಿದ ಐವರಿಗೆ ನಾಳೆ ಬರಬೇಡಿ ಎಂದೆ. ಅವಮಾನಕ್ಕೆ ಸಾಕ್ಷಿಗಳ ಸಂಖ್ಯೆ ಕಡಿಮೆಯಿದ್ದಷ್ಟು ಒಳ್ಳೆಯದು.

ಸೋಮವಾರ ನಾನು ಹಾಸನದಿಂದ, ಅವಳು ಅರಕಲಗೂಡಿನಿಂದ, ಮೊದಲ ಬಸ್ಸುಗಳಲ್ಲಿ ಹೊಳೆನರಸೀಪುರಕ್ಕೆ ಬಂದೆವು. ಇಪ್ಪತ್ತೆಂಟು ವರ್ಷ ಸರ್ವಿಸಿನಲ್ಲಿ ಒಂದು ಸೀಮೆಸುಣ್ಣವನ್ನೂ ಮನೆಗೆ ಒಯ್ಯದ ನಾನು ಅಂದು ಕಾಲೇಜಿನ ಕಪಾಟು ತೆಗೆದು, ಕಿಟ್ಟನ್ನು ಕೈಚೀಲಕ್ಕೆ ಹಾಕಿ, ಅದರ ಮೇಲೆ ಟವೆಲು ಮುಚ್ಚಿ, ಕಾವಲುಗಾರನಿಗೆ ನಗುಮುಖ ತೋರಿಸಿ ಹೊರಬಿದ್ದೆ. ಕಳ್ಳತನಕ್ಕೆ ಬೇಕಾದ ಗುಣಗಳೆಲ್ಲ ನನ್ನಲ್ಲಿ ಮೊದಲಿನಿಂದಲೂ ಇದ್ದವೆಂದು ಆಗ ತಿಳಿಯಿತು.

ಚನ್ನರಾಯಪಟ್ಟಣದ ಬಸ್ಸು ತುಂಬಿತ್ತು. ಬಾಗಿಲಿನವರೆಗೆ ಹೆಂಗಸರು, ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು. ಕಂಡಕ್ಟರು ಒಬ್ಬೊಬ್ಬರಿಗೂ ಸೊನ್ನೆ ಟಿಕೆಟು ಹರಿದು ಮುಗಿಸದೆ ಸೀಟಿ ಊದುವುದಿಲ್ಲವೆಂದು ಪಟ್ಟು ಹಿಡಿದಿದ್ದ. ಒಬ್ಬ ಅಜ್ಜಿ ಕಾರ್ಡು ಹುಡುಕಲು ಎಲೆಯಡಿಕೆ ಚೀಲವನ್ನೇ ಬೋರಲು ಹಾಕಿದರು. ಎಂಟೂಮುಕ್ಕಾಲು. ನಾನು ಗಡಿಯಾರ ನೋಡಿದೆ. ನಿಮಿಷದ ಮುಳ್ಳು ಬಸ್ಸಿಗಿಂತ ವೇಗವಾಗಿತ್ತು.

ಬಸ್ಸು ಹೊರಟು ಊರು ದಾಟಿದ ಮೇಲೆ ನಮಗೆ ಹಿಂದಿನ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ನಾಯಕಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

"ಅದು ನಾಲ್ಕನೇ ಬಾಟ್ಲೇ ಸಾ."

ನಾನು ಅವಳ ಕಡೆ ತಿರುಗಿದೆ.

"ಅಜ್ಜಿ ಇಸ್ಕೊಂಡಾಗಲೇ ಗೊತ್ತಿತ್ತು. ಬೇಡ ಅನ್ನೋಕಾಗ್ಲಿಲ್ಲ."

ಏಕೆ ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತು, ಮುಂದಿನ ಸೀಟಿನವರು ತಿರುಗಿ ನೋಡಿದರು.

"ಮೂರನೇ ನಿಯಮ ಸಾ," ಎಂದಳು. ಆಮೇಲೆ, ಅದು ಪೂರ್ತಿ ನಿಜವಲ್ಲವೆಂದು ತನಗೇ ಅನ್ನಿಸಿದಂತೆ, ನಿಧಾನವಾಗಿ ಉಳಿದದ್ದನ್ನು ಹೇಳಿದಳು. "ಆ ಬೀದೀಲಿ ನಾಲ್ಕು ಮನೇಲಿ ಯಾವ ಜನ ನೀವು ಅಂತ ಕೇಳಿದ್ರು. ನಮ್ಮ ಮನೆ ಇರೋದು ಕೇರೀಲಿ, ಗೋಡೇಲಿ ಬುದ್ಧನ ಪಟ, ನಿಮಗೆ ಗೊತ್ತಲ್ಲ ಸಾ. ಹೇಳಿದ ಮೇಲೆ ಆ ಮನೆಗಳಲ್ಲಿ ಮಜ್ಜಿಗೆ ಜಗಲಿಗೇ ಬಂತು, ಪೇಪರ್ ಲೋಟದಲ್ಲಿ. ಆ ಅಜ್ಜಿ ಏನೂ ಕೇಳ್ಲಿಲ್ಲ. ಒಳಗೆ ಕರೆದು, ನನ್ನ ಕೈಯಿಂದ ಬಾಟ್ಲು ಇಸ್ಕೊಂಡು, ಅವರ ಮನೆ ನೀರು ತುಂಬಿಸಿದ್ರು. ಅದನ್ನ ಹೆಂಗ್ ಸಾ ಕಿತ್ಕೊಳ್ಳೋದು?"

ಅವತ್ತು ವಾಪಸು ಬರುವ ಬಸ್ಸು ಹೊರಟ ಮೇಲೆ ಹೇಳೋಣವೆಂದುಕೊಂಡಳಂತೆ. ಆಮೇಲೆ ಪರೀಕ್ಷೆ ಆದಾಗ ಹೇಳೋಣವೆಂದುಕೊಂಡಳಂತೆ. ಆಮೇಲೆ ನಾನು ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆನಂತೆ, ಧೈರ್ಯ ಬರಲಿಲ್ಲವಂತೆ. ನಿನ್ನೆ ನೆನಪಿಲ್ಲ ಎಂದು ಸುಳ್ಳು ಹೇಳಿದ ಮೇಲೆ ನಿದ್ದೆ ಬರಲಿಲ್ಲವಂತೆ.

ಬೈಯಲು ಬಾಯಿ ತೆರೆದೆ. ನಿನ್ನೆ ಹೆಡ್‌ಮಾಸ್ಟರಿಗೆ ಫೋನು ಮಾಡಿ ಶಾಮಿಯಾನದ ಕ್ಷೇಮಸಮಾಚಾರ ವಿಚಾರಿಸಿದ್ದು ನೆನಪಾಯಿತು. ಬಾಯಿ ಮುಚ್ಚಿದೆ. ಚನ್ನರಾಯಪಟ್ಟಣ ಬರುವವರೆಗೆ ಇಬ್ಬರೂ ಕಿಟಕಿಯಾಚೆ ತೆಂಗಿನ ಮರ ಎಣಿಸಿದೆವು.

ಚನ್ನರಾಯಪಟ್ಟಣದಲ್ಲಿ ನುಗ್ಗೇಹಳ್ಳಿ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಮುಂದಿನದು ಬರುವಷ್ಟರಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಊರಿನ ಕೈಮರದ ಹತ್ತಿರ ಇಳಿದು ಓಡುನಡಿಗೆಯಲ್ಲಿ ಶಾಲೆ ಸೇರಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಓಡು ನನ್ನದು, ನಡಿಗೆ ಅವಳದು. ಅಂಗಳದಲ್ಲಿ ಶಾಮಿಯಾನ ನಿಜಕ್ಕೂ ಹಾಕಿತ್ತು. ನಲ್ಲಿಗಳ ಸಾಲಿಗೆ ಸೇವಂತಿಗೆ ಹಾರ. ಒಂದನೇ ತರಗತಿಯ ಮಕ್ಕಳು ಸ್ಟೀಲು ಲೋಟ ಹಿಡಿದು, ಆಗಲೇ ಬಾಯಾರಿದವರಂತೆ ಲೋಟದೊಳಕ್ಕೆ ಇಣುಕುತ್ತ ಕೂತಿದ್ದರು. ಹೆಡ್‌ಮಾಸ್ಟರು ಬನ್ನಿ ಬನ್ನಿ ಎಂದು ಮುಂದೆ ಬಂದರು. ಕೈಕಾಲು ತೊಳೆದು ಬರುತ್ತೇನೆಂದು ಹೇಳಿ, ಚೀಲದೊಂದಿಗೆ ಅಡುಗೆಮನೆಯ ಹಿಂದಕ್ಕೆ ಹೋದೆ.

ಅಲ್ಲಿ ತಟ್ಟೆ ತೊಳೆಯುವ ನಲ್ಲಿ, ಅದೇ ಬೋರ್‌ವೆಲ್ಲಿನದು. ಅಡುಗೆಯಮ್ಮ ಕೇಸರಿಬಾತಿನ ಪಾತ್ರೆ ಇಳಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಎರಡೂ ಕೊಡಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೋರಲು ಹಾಕಿದ್ದರು, ಇನ್ನು ಅವುಗಳ ಕೆಲಸ ಮುಗಿಯಿತು ಎನ್ನುವ ಹಾಗೆ. ನಾವು ಏನು ಮಾಡುತ್ತೇವೆಂದು ಅವರು ಕೇಳಲಿಲ್ಲ, ಸುಮ್ಮನೆ ಬಂದು ಪಕ್ಕದಲ್ಲಿ ನಿಂತರು. ನಾಯಕಿ ನಾಲ್ಕನೇ ಬಾಟಲಿಗೆ ಮತ್ತೆ ನೀರು ಹಿಡಿದು, ಅದರಿಂದ ಟ್ಯೂಬಿಗೆ ಗೆರೆಯವರೆಗೆ ಬಿಟ್ಟಳು. ಔಷಧಿಯ ಹನಿಯನ್ನೂ ಅವಳೇ ಬಿಟ್ಟಳು. ನೀರು ಗುಲಾಬಿಯಾಯಿತು. ನಾನು ಉಸಿರು ಬಿಟ್ಟೆ. ಅವಳು ತಾಳಿ ಸಾ ಎಂದಳು. ಕಿಟ್ಟಿನ ಕಾಗದದಲ್ಲಿ ಐದು ನಿಮಿಷ ಕಾಯತಕ್ಕದ್ದು ಎಂದಿತ್ತು. ತಕ್ಕದ್ದು ಎಂಬ ಪದದ ತೂಕ ಗೊತ್ತಾಗಲು ನನಗೆ ಇಷ್ಟು ವಯಸ್ಸು ಬೇಕಾಯಿತು. ಹೊರಗೆ ಜೀಪು ನಿಂತ ಸದ್ದು, ಮಕ್ಕಳ ಚಪ್ಪಾಳೆ. ಟ್ಯೂಬಿನ ತಳದಿಂದ ಗುಲಾಬಿ ಮಾಸುತ್ತ ಬಂತು. ಮೊದಲು ಕಿತ್ತಳೆ ಸಿಪ್ಪೆಯ ಬಣ್ಣ, ಆಮೇಲೆ ಹಳದಿ. ಅನುಮಾನಕ್ಕೆ ಎಡೆಯೇ ಇಲ್ಲದ, ಅರಿಸಿನದಂಥ ಹಳದಿ.

ಅಡುಗೆಯಮ್ಮ ಟ್ಯೂಬು ನೋಡಿದರು, ನಮ್ಮ ಮುಖ ನೋಡಿದರು. ಆಮೇಲೆ ಬಗ್ಗಿ, ಬೋರಲು ಹಾಕಿದ್ದ ಕೊಡಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸಿದರು. ಯಾರಾದರೂ ಬೈದಿದ್ದರೆ ನನಗೆ ಅಷ್ಟು ತಟ್ಟುತ್ತಿರಲಿಲ್ಲ.

ಶಾಮಿಯಾನದಡಿ ಹೋದಾಗ ಅಧ್ಯಕ್ಷರ ಕೈ ನಲ್ಲಿಯ ಮೇಲಿತ್ತು, ಮೊದಲ ಲೋಟದ ಮಗು ಅದರ ಕೆಳಗೆ ನಿಂತಿತ್ತು. ನಾನು ಒಂದು ನಿಮಿಷ ಎಂದೆ. ಎಲ್ಲರೂ ತಿರುಗಿದರು. ಗಂಟಲು ಸರಿಪಡಿಸಿಕೊಂಡು, ಮಾನ್ಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ವಿಜ್ಞಾನವೆಂಬುದು ಸತ್ಯದ ನಿರಂತರ ಶೋಧನೆಯಾಗಿದ್ದು, ಎಂದು ಆರಂಭಿಸಿದೆ. ಆ ವಾಕ್ಯ ಎಲ್ಲಿಗೆ ಹೋಗುತ್ತಿತ್ತೋ ನನಗೇ ಗೊತ್ತಿರಲಿಲ್ಲ. ನಾಯಕಿ ನನ್ನ ಪಕ್ಕದಿಂದ ಮುಂದೆ ಬಂದು, ಮಗುವಿನ ಕೈಯಿಂದ ಲೋಟ ಇಸಕೊಂಡಳು.

"ಈ ನೀರು ಕುಡೀಬಾರ್ದು. ನಾವು ತಪ್ಪು ಹೇಳಿದ್ವಿ. ಬಾಟ್ಲಿ ನೀರು ಅದಲುಬದಲಾಗಿತ್ತು, ಈಗ ಮತ್ತೆ ನೋಡಿದ್ವಿ."

ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ಅಧ್ಯಕ್ಷರು ನಲ್ಲಿಯ ಮೇಲಿನ ಕೈ ತೆಗೆಯದೆ, ನೇರವಾಗಿ ಅವಳನ್ನೇ ಕೇಳಿದರು: "ಯಾರ್ ಅದಲುಬದಲು ಮಾಡಿದ್ದು?"

ಅವಳು ಅಜ್ಜಿಯ ಹೆಸರೂ ಹೇಳಲಿಲ್ಲ, ನಿಯಮದ ಹೆಸರೂ ಹೇಳಲಿಲ್ಲ. ಕುಡಿಯುವುದಕ್ಕೂ ಪರೀಕ್ಷೆಗೂ ಒಂದೇ ಥರದ ಬಾಟಲಿ ಕೊಟ್ಟವನು ನಾನು, ಅನುಮಾನ ನಿನ್ನೆಯೇ ಬಂದಿತ್ತು, ಫೋನು ಮಾಡಿಯೂ ಹೇಳದವನೂ ನಾನೇ ಎಂದೆ. ಇಪ್ಪತ್ತೆಂಟು ವರ್ಷದ ಭಾಷಣಗಳಲ್ಲಿ ನಾನಾಡಿದ ಅತಿ ಚಿಕ್ಕ ಭಾಷಣ ಅದು. ಅಧ್ಯಕ್ಷರು ಓದಿದವರ ಬಗ್ಗೆ ತಮಗಿದ್ದ ಅಭಿಪ್ರಾಯವನ್ನು ಸಾಕಷ್ಟು ವಿಸ್ತಾರವಾಗಿ ತಿಳಿಸಿದರು. ಅದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಕೊನೆಗೆ, ಹಾರ ಹಾಕಿದ ನಲ್ಲಿಯನ್ನು ಹಾಗೇ ಬಿಟ್ಟುಹೋಗುವುದು ಅಪಶಕುನವೆಂದೋ ಏನೋ, ಒಂದು ವಾರದಲ್ಲಿ ಘಟಕದಿಂದಲೇ ಇಲ್ಲಿಗೆ ಪೈಪು ಎಳೆಸುತ್ತೇನೆ ಎಂದು ಘೋಷಿಸಿದರು. ಆ ವಾರ ಯಾವ ಪಂಚಾಂಗದ್ದೋ, ನಾಲ್ಕು ತಿಂಗಳು ಹಿಡಿಯಿತು. ಆದರೆ ಪೈಪು ಬಂತು.

ಅಂದಿನ ನೀರು ಮಾತ್ರ ಅಂದೇ ಬರಬೇಕಿತ್ತು. ಅಡುಗೆಯಮ್ಮ ಕೊಡ ಎತ್ತಿಕೊಂಡು ಹೊರಟಿದ್ದರು. ನಾಯಕಿ ಓಡಿಹೋಗಿ ಒಂದನ್ನು ಇಸಕೊಂಡಳು. ನಾನು ಹೆಡ್‌ಮಾಸ್ಟರ ಕೋಣೆಯ ಇಪ್ಪತ್ತು ಲೀಟರಿನ ಖಾಲಿ ಕ್ಯಾನು ಹಿಡಿದು ಹಿಂದೆ ನಡೆದೆ. ನೀ ಬಿಡವ್ವ, ನಂಗಿದು ರೂಢಿ ಎಂದು ಅವರು ಅವಳಿಗೆ ಹೇಳುತ್ತಿದ್ದುದು ಕೇಳಿಸಿತು. ನನಗೆ ಹಾಗೆ ಯಾರೂ ಹೇಳಲಿಲ್ಲ. ತುಂಬಿದ ಕ್ಯಾನು ಹೊತ್ತು ವಾಪಸು ಬರುವಾಗ ಊರಿನ ಉದ್ದ ಎಷ್ಟೆಂದು ನನ್ನ ಭುಜಕ್ಕೆ ಅರಿವಾಯಿತು. ಅರ್ಧ ದಾರಿಯಲ್ಲಿ ಉಸಿರು ಕಟ್ಟಿ, ಒಂದು ಜಗಲಿಯ ಮೇಲೆ ಕ್ಯಾನು ಇಳಿಸಿದೆ. ಇಳಿಸಿದ ಮೇಲೆ ನೋಡಿದರೆ ಅದೇ ಅಜ್ಜಿಯ ಜಗಲಿ. ಅಡುಗೆಯಮ್ಮ ನಿಲ್ಲದೆ ಮುಂದೆ ಹೋದರು. ನಾಯಕಿ ಕೊಡ ಇಳಿಸಿ ನಿಂತಳು.

ಅಜ್ಜಿ ಗೋಡೆಗೊರಗಿ, ಎರಡೂ ಮಂಡಿಗೆ ಬಟ್ಟೆ ಸುತ್ತಿಕೊಂಡು ಕಾಲು ನೀಡಿ ಕೂತಿದ್ದರು. ಇಸ್ಕೂಲ್ ತಾವ ಏನು ಗಲಾಟೆ ಎಂದು ಕೇಳಿದರು. ಏನಿಲ್ಲ ಅಜ್ಜಿ, ಅಲ್ಲಿನ ನೀರು ಚೆನ್ನಾಗಿಲ್ಲವಂತೆ ಎಂದಳು ನಾಯಕಿ.

"ಅದ್ಕೇ ಅಲ್ವಾ ಮಗಾ ಅವತ್ತು ಚೆಲ್ಬುಟ್ಟು ಬ್ಯಾರೆ ಆಕ್ಕೊಟ್ಟಿದ್ದು," ಎಂದರು ಅಜ್ಜಿ. "ಆ ಬೋರ್ ನೀರ ಕುಡ್ದೇ ನನ್ ಮಂಡಿ ಇಂಗಾಗಿರಾದು. ಊರ್ಗೆಲ್ಲ ಗೊತ್ತು."

ನಮ್ಮ ಪ್ರಶ್ನಾವಳಿಯಲ್ಲಿ ಅರವತ್ತು ಪ್ರಶ್ನೆಗಳಿದ್ದವು, ನಾನೇ ರಚಿಸಿದವು. ಮನೆಗೆ ಕಿಟಕಿ ಎಷ್ಟು ಎಂಬುದೂ ಇತ್ತು. ಯಾವ ನೀರು ಕುಡಿದರೆ ಏನಾಗುತ್ತದೆ ಅಜ್ಜಿ ಎಂಬುದು ಇರಲಿಲ್ಲ. ನಾನು ಕ್ಯಾನಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡಿದೆ.

"ಬಿಸಿಲಾಗೆ ಬಂದಿದ್ದೀರಿ. ಬಾಟ್ಲು ಖಾಲಿ ಆಗದಾ? ಕೊಡವ್ವ ಇಲ್ಲಿ, ಒಳ್ಳೇದು ಆಕ್ಕೊಡ್ತೀನಿ."

ನಾಯಕಿ ತನ್ನ ಹೆಗಲ ಚೀಲಕ್ಕೆ ಕೈಹಾಕಿ ಎರಡು ಬಾಟಲಿ ಹೊರತೆಗೆದಳು. ಒಂದರಲ್ಲಿ ಅಂದು ಶಾಲೆಯಲ್ಲಿ ಮತ್ತೆ ಹಿಡಿದ ನೀರಿತ್ತು, ಮುಚ್ಚಳದ ಮೇಲೆ ನಾಲ್ಕು. ಅದನ್ನು ನನ್ನ ಕೈಗೆ ಕೊಟ್ಟಳು. ಇನ್ನೊಂದನ್ನು, ತನ್ನದನ್ನು, ಎರಡೂ ಕೈಯಿಂದ ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಗೋಡೆ ಹಿಡಿದು ಎದ್ದು, ಬಾ ಒಳಗೆ ಎಂದು ಅವಳನ್ನು ಕರೆದುಕೊಂಡು ಹೋದರು. ನಾನು ನಾಲ್ಕನೇ ಬಾಟಲಿಯನ್ನು ಎದೆಗವಚಿಕೊಂಡು, ಕರೆಯುವವರೆಗೆ ಜಗಲಿಯಲ್ಲೇ ಕೂತಿದ್ದೆ.